ಮೂರು ಕಾಲಿನ ಸೇವಕ



ಹೆಣ್ಣುಮಕ್ಕಳ ಕೈಗೆ ಸೂಜಿನೂಲನ್ನು ಕೊಟ್ಟು ಹೊಲಿಗೆ ಕಲಿಸುವುದು ಹಿಂದಿನ ವಾಡಿಕೆಯಾಗಿದ್ದಿತು. ಈಗ ಅದೇ ಕೈಗಳಲ್ಲಿ ತಂತಿಯನ್ನೂ ಬೆಸುಗೆಯ ಕಡ್ಡಿಯನ್ನೂ ಕಾಣುತ್ತೇವೆ. ಹೊಲಿಗೆಯಲ್ಲಿ ತಪ್ಪಿದ ಎಳೆಯು ಕೂಡಲೇ ಕಣ್ಣಿಗೆ ಬೀಳುವುದು. ವಿದ್ಯುತ್ತಿನ ದೋಷವಾದರೋ ಕಣ್ಣಿಗೆ ಕಾಣದು. ಆದಕಾರಣ ಅದನ್ನು ಹುಡುಕುವ ಕ್ರಮವನ್ನು ಬೇರೆಯಾಗಿ ಕಲಿಯಬೇಕಾಗಿದೆ. ಭೌತಶಾಸ್ತ್ರವನ್ನು ಬಹುಕಾಲ ಕಲಿಸಿದವಳಾದ್ದರಿಂದ ಅಂಥ ಒಂದು ಸಂಗತಿಯನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ನನ್ನ ತಂಗಿಯ ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ, ಬಾಗಿಲೊಳಗೆ ಬಂದವರನ್ನು 99ರ ವರೆಗೆ ಎಣಿಸಿ ಕೆಂಪು ಅಂಕಿಗಳಲ್ಲಿ ತೋರಿಸುವ ಯಂತ್ರವೊಂದನ್ನು ಕಟ್ಟಿದ್ದಳು. ಅದರ ಐಸಿಗಳಿಗೆ 4.75ಕ್ಕೆ ಕಡಿಮೆಯಲ್ಲದ, 5.25ಕ್ಕೆ ಮೀರದ ವೋಲ್ಟೇಜು ಬೇಕು. ಅದನ್ನು ಒದಗಿಸಲು 7805 ಎಂಬ ರೆಗ್ಯುಲೇಟರನ್ನು ಜೋಡಿಸಿದ್ದಳು. ಇದು ಮೂರು ಕಾಲಿನ ಸೇವಕ. ಬರೆಹವುಳ್ಳ ಮುಖವನ್ನು ನಮ್ಮ ಕಡೆಗೆ ತಿರುಗಿಸಿ, ಕಾಲುಗಳು ಕೆಳಗಿರುವಂತೆ ಹಿಡಿದರೆ, ಎಡಗಾಲು ಒಳಬರುವ ವಿದ್ಯುತ್ತಿಗೆ, ನಡುಗಾಲು ಗ್ರೌಂಡಿಗೆ, ಬಲಗಾಲು 5 ವೋಲ್ಟು ಹೊರಡುವುದಕ್ಕೆ.

ಆದರೂ ಅಂಕಿಗಳು ಮಂಕಾಗಿ ಮಿನುಗಿ ತಪ್ಪುತಪ್ಪಾಗಿ ಎಣಿಸುತ್ತಿದ್ದವು. ಹುಡುಗಿಯು ತನ್ನ ಕೈಗಾಸಿನಿಂದ ಎರಡು ಸಾರಿ ರೆಗ್ಯುಲೇಟರನ್ನು ಬದಲಾಯಿಸಿದ್ದಳು. ಪ್ರದರ್ಶನಕ್ಕೆ ಎರಡೇ ದಿನ ಉಳಿದಿದ್ದವು. "ಅಜ್ಜೀ, ಇದು ನನ್ನಿಂದಾಗುವ ಕೆಲಸವಲ್ಲ. ಹತ್ತನೆಯದು ಮುಗಿದ ಮೇಲೆ ನಾನು ವಿಜ್ಞಾನವನ್ನು ತೆಗೆದುಕೊಳ್ಳುವುದಿಲ್ಲ" ಎಂದಳು. ಯಂತ್ರವು ಕೆಟ್ಟದ್ದಕ್ಕಿಂತ ಈ ಮಾತೇ ನನಗೆ ಹೆಚ್ಚು ಚಿಂತೆಯನ್ನುಂಟುಮಾಡಿತು.

ನಾನು ಯಂತ್ರವನ್ನು ಮುಟ್ಟದೆ, ಮೀಟರನ್ನು ಅವಳ ಕೈಗೇ ಕೊಟ್ಟೆನು. ಕಾಲುಗಳ ಜೋಡಣೆ ಸರಿಯಾಗಿದ್ದಿತು. ಒಳಗಡೆ 0.33, ಹೊರಗಡೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರುಗಳೂ ಇದ್ದವು. ಹೊರಡುವ ವೋಲ್ಟೇಜು ಮಾತ್ರ 3.8. "ಬ್ಯಾಟರಿ ಹೊಸದು, 9 ವೋಲ್ಟು ಇದೆ" ಎಂದಳು. ಅದು ಬಿಡಿಯಾಗಿದ್ದಾಗಿನ ಅಳತೆ. ಯಂತ್ರವು ನಡೆಯುತ್ತಿರುವಾಗ ಅಳೆಯಿಸಿದೆನು; 5.7 ಬಂದಿತು. 7805 ತನ್ನ ಕೆಲಸವನ್ನು ನಡಿಸಬೇಕಾದರೆ, ಕೊಡುವುದಕ್ಕಿಂತ ಸುಮಾರು 2 ವೋಲ್ಟು ಹೆಚ್ಚಾಗಿ, ಅಂದರೆ 7 ವೋಲ್ಟಾದರೂ ಪಡೆಯಬೇಕು. ಯಂತ್ರವು ಕೇಳುತ್ತಿದ್ದ 0.4 ಆಂಪಿಯರನ್ನು ಆ ಚಿಕ್ಕ ಬ್ಯಾಟರಿಯು ಕೊಡಲಾರದೆ ಕುಗ್ಗುತ್ತಿದ್ದಿತು. ಸೇವಕನಲ್ಲಿ ದೋಷವಿರಲಿಲ್ಲ, ಅವನಿಗೆ ಉಣಿಸು ಸಾಲದಾಗಿದ್ದಿತು.

ಮನೆಯಲ್ಲಿದ್ದ 12 ವೋಲ್ಟಿನ ಅಡಾಪ್ಟರನ್ನು ಜೋಡಿಸಿದಳು. 5 ವೋಲ್ಟು ಸರಿಯಾಗಿ ಬಂದಿತು, ಮುಖವು ಅರಳಿತು. ಕೆಲವು ನಿಮಿಷಗಳಲ್ಲಿ ಅಂಕಿಗಳು ಆರಿಹೋದವು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊತ್ತಿದವು. ರೆಗ್ಯುಲೇಟರಿನ ಕಡೆಗೆ ಬೆರಳು ಚಾಚಿದವಳಿಗೆ, "ಮುಟ್ಟಬೇಡ ಮಗೂ, ಲೆಕ್ಕ ಹಾಕು" ಎಂದೆನು. ಹನ್ನೆರಡರಲ್ಲಿ ಐದು ಕಳೆದರೆ ಏಳು, ಏಳನ್ನು 0.4ರಿಂದ ಗುಣಿಸಿದರೆ 2.8 ವಾಟು. ಅಷ್ಟೂ ಶಾಖವಾಗುವುದು. ಬರಿಮೈಯಲ್ಲಿರುವ 7805ರ ಒಡಲು ಒಂದೊಂದು ವಾಟಿಗೆ ಸುಮಾರು 65 ಡಿಗ್ರಿ ಸೆಲ್ಸಿಯಸಿನಂತೆ ಬಿಸಿಯೇರುವುದು. ಸುಟ್ಟುಹೋಗದಂತೆ ತನ್ನನ್ನು ತಾನೇ ಆರಿಸಿಕೊಳ್ಳುವ ಏರ್ಪಾಡು ಅದರೊಳಗೇ ಇದೆ.

ಪರಿಹಾರವನ್ನು ಅವಳೇ ಹೇಳಿದಳು. 9 ವೋಲ್ಟಿನ ಅಡಾಪ್ಟರಿನಿಂದ ಶಾಖವು 1.6 ವಾಟಿಗೆ ಇಳಿಯಿತು. ಅಲ್ಯೂಮಿನಿಯಮಿನ ಹೀಟ್ ಸಿಂಕನ್ನು ತಿರುಪಿನಿಂದ ಬಿಗಿದು, ಆ ಲೋಹದ ಬೆನ್ನು ಗ್ರೌಂಡಿಗೆ ಸೇರಿರುವುದರಿಂದ ಬೇರೆ ತಂತಿಗಳು ತಾಗದಂತೆ ಸರಿಸಿಟ್ಟಳು. ಯಂತ್ರವು ಒಂದು ಗಂಟೆ ಎಡೆಬಿಡದೆ ಎಣಿಸಿತು. ಬಳಿಕ ತೆಗೆದುಹಾಕಿದ್ದ ಎರಡು ರೆಗ್ಯುಲೇಟರುಗಳನ್ನೂ ಪರೀಕ್ಷಿಸಿ, ಪೊಟ್ಟಣಕಟ್ಟಿ, ಮೇಲೆ "ಒಳ್ಳೆಯವು" ಎಂದು ಬರೆದಳು.

ವಿಜ್ಞಾನವನ್ನು ಬಿಡುವ ಮಾತನ್ನು ಅವಳು ಮತ್ತೆ ಎತ್ತಿಲ್ಲ. ನಾನೂ ಕೇಳಿಲ್ಲ. ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ನಿಮ್ಮ ಮಗಳು "ನನ್ನಿಂದಾಗದು" ಎಂದಾಗ ಒಡನೆ ಒಪ್ಪಿಬಿಡಬೇಡಿರಿ. ಎಲ್ಲಿ ಅಳೆದೆ, ಎಷ್ಟು ಬಂದಿತು ಎಂದು ಮೆಲ್ಲನೆ ಕೇಳಿರಿ. ಒಳ್ಳೆಯದನ್ನು ಕೆಟ್ಟದ್ದೆಂದು ಎಸೆಯುವುದು ರೆಗ್ಯುಲೇಟರುಗಳ ವಿಷಯದಲ್ಲಿ ಮಾತ್ರ ನಡೆಯುವ ನಷ್ಟವಲ್ಲ.