ಅಯ್ಯೋ ಪಾಪ ಅಂದರೆ ಮುಗಿಯಿತೇ?

ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲವಾದರೂ ‘ಪಾಪ’ ಅನ್ನುವ ಮಾತು ಬರುತ್ತದೆ. ಕಾಲು ಮುರಿದುಕೊಂಡ ಮೇಕೆಮರಿ ಕಂಡರೆ ಪಾಪ. ಬಸ್ಸಿನ ಹಿಂದೆ ಓಡುವ ಹುಡುಗನನ್ನು ಕಂಡರೆ ಪಾಪ. ಭಾನುವಾರ ಚರ್ಚಿಗೆ ಹೋದರೆ ಅಲ್ಲೂ ಪಾಪದ್ದೇ ಮಾತು. ಮೊದಲನೆಯದು ಬೇರೆಯವರ ಮೇಲಿನ ಕನಿಕರ. ಎರಡನೆಯದು ನಾವು ಮಾಡಿದ ತಪ್ಪು. ಪದ ಒಂದೇ ಆದರೂ ಎರಡನ್ನೂ ನಾವು ಯಾವತ್ತೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ನಾವು ಅಣ್ಣ-ತಂಗಿ ಇಬ್ಬರೂ ಪತ್ರಿಕೋದ್ಯಮ ಓದಿದವರು. ಹಾಸನದ ಕಡೆಯ ಕಥೋಲಿಕ ಕುಟುಂಬ. ಮೂರೂವರೆ ಎಕರೆ ಜಮೀನು, ಮುಂಗಾರಿಗೆ ಆಲೂಗಡ್ಡೆ, ಆಮೇಲೆ ರಾಗಿ. ತಪಸ್ಸುಕಾಲ ಬಂತೆಂದರೆ ಮನೆಯ ರೀತಿಯೇ ಬದಲಾಗುತ್ತದೆ. ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದವರೆಗೆ ಅಮ್ಮ ಮಾಂಸದ ಪಾತ್ರೆಯನ್ನೇ ಅಟ್ಟಕ್ಕೆ ಹಾಕುತ್ತಾರೆ. ಅಪ್ಪ ಬೀಡಿ ಬಿಡುತ್ತಾರೆ. ಶುಕ್ರವಾರ ಶಿಲುಬೆ ಹಾದಿ ತಪ್ಪಿಸುವ ಹಾಗಿಲ್ಲ. ಊರಿನಲ್ಲಿ ಯಾರನ್ನೇ ಕೇಳಿ, ‘ಆ ಮನೆಯವರು ದೇವರ ಭಯ ಇರೋರು’ ಅಂತಾರೆ. ನಾವೂ ಹಾಗೇ ನಂಬಿದ್ದೆವು.

ಆ ವರ್ಷ ಆಲೂಗಡ್ಡೆ ಚೆನ್ನಾಗಿಯೇ ಬಂದಿತ್ತು, ಬೆಲೆ ಬರಲಿಲ್ಲ. ಬಿತ್ತನೆ ಗಡ್ಡೆ, ಗೊಬ್ಬರ, ಅಂಗಮಾರಿಗೆ ಹೊಡೆದ ಔಷಧಿ, ಲಾರಿ ಬಾಡಿಗೆ ಎಲ್ಲ ಕಳೆದು ಅಪ್ಪನ ಕೈಯಲ್ಲಿ ಉಳಿದದ್ದು ಬಹಳ ಕಡಿಮೆ. ಗೊಬ್ಬರದ ಅಂಗಡಿಯವರಿಗೆ ಕೊಟ್ಟರು, ಯಾಕೆಂದರೆ ಮುಂದಿನ ವರ್ಷವೂ ಸಾಲ ಬೇಕು. ಲಾರಿಯವರಿಗೆ ಕೊಟ್ಟರು, ಯಾಕೆಂದರೆ ಅವರು ಬಿಡುವುದಿಲ್ಲ. ‘ಆಮೇಲೆ ನೋಡೋಣ’ ಅಂತ ಉಳಿದದ್ದು ಆಳಿನ ದುಡ್ಡು. ಉಳಿದ ಆಳುಗಳು ಜೋರು ಮಾಡಿ ವಸೂಲಿ ಮಾಡಿಕೊಂಡು ಹೋದರು. ಮೂಲೆಮನೆಯ ಅಕ್ಕ ಮಾತ್ರ ಜೋರು ಮಾಡಲಿಲ್ಲ. ಕಳೆ ತೆಗೆದದ್ದು, ಬುಡಕ್ಕೆ ಮಣ್ಣು ಏರಿಸಿದ್ದು, ಗಡ್ಡೆ ಆರಿಸಿದ್ದು ಎಲ್ಲ ಸೇರಿ ಅವರದ್ದು ಹನ್ನೊಂದು ದಿನ. ಹೆಣ್ಣಾಳಿನ ಕೂಲಿ ದಿನಕ್ಕೆ 250. ಒಟ್ಟು 2,750 ರೂಪಾಯಿ.

ಅವರು ಬಂದಾಗಲೆಲ್ಲ ಅಮ್ಮ ಕಾಫಿ ಕೊಡುತ್ತಿದ್ದರು. ಒಂದೆರಡು ಸೇರು ರಾಗಿ ಮಡಿಲಿಗೆ ಹಾಕಿದ್ದೂ ಉಂಟು. ಅವರು ಹೋದ ಮೇಲೆ ‘ಪಾಪ, ಎಷ್ಟು ಸಲ ಬಂದು ಹೋಗ್ತಾಳೆ’ ಅನ್ನುತ್ತಿದ್ದರು. ನಾವೂ ‘ಹೂಂ, ಪಾಪ’ ಅನ್ನುತ್ತಿದ್ದೆವು. ಅದು ಅವರ ಪಾಪವಲ್ಲ, ನಮ್ಮದು ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ.

ಅದೇ ಹೊತ್ತಿಗೆ ಕಾಲೇಜಿನ ಪ್ರಾಯೋಗಿಕ ಪತ್ರಿಕೆಗೆ ಒಂದು ವರದಿ ಮಾಡಬೇಕಿತ್ತು. ನಾವು ಆರಿಸಿಕೊಂಡದ್ದು ಉದ್ಯೋಗ ಖಾತ್ರಿ ಕೂಲಿ ತಡವಾಗುವ ವಿಷಯ. 2005ರ ಆ ಕಾಯ್ದೆಯ ಪ್ರಕಾರ ಕೆಲಸ ಮಾಡಿದ ಹದಿನೈದು ದಿನದೊಳಗೆ ಕೂಲಿ ಕೈ ಸೇರಬೇಕಿತ್ತು. ತಂಗಿ ಕೇಳುವುದು, ಅಣ್ಣ ಫೋಟೊ ತೆಗೆಯುವುದು. ಕೆರೆ ಹೂಳು ಎತ್ತಿದ ಹೆಂಗಸರನ್ನೆಲ್ಲ ಅರಳಿಕಟ್ಟೆಯ ಹತ್ತಿರ ಮಾತಾಡಿಸಿದೆವು. ಮೂಲೆಮನೆಯ ಅಕ್ಕನೂ ಇದ್ದರು. ‘ಸರ್ಕಾರ ಎಷ್ಟು ದಿನ ಬಾಕಿ ಉಳಿಸ್ಕೊಂಡಿದೆ ಅಕ್ಕ?’ ಅಂತ ಕೇಳಿದ್ದಕ್ಕೆ ನಗುತ್ತಲೇ ಅಂದರು: ‘ಸರ್ಕಾರದ್ದು ಬಿಡು ಮಗ, ಅದು ಇವತ್ತಲ್ಲ ನಾಳೆ ಬ್ಯಾಂಕಿಗೆ ಬೀಳುತ್ತೆ. ನಿಮ್ಮಪ್ಪಂದು ಹನ್ನೊಂದು ದಿನದ್ದು ಐತಲ್ಲ, ಅದನ್ನ ಬರ್ಕೋ.’

ಸುತ್ತಲಿನ ಹೆಂಗಸರು ನಕ್ಕರು. ನಾವೂ ನಕ್ಕೆವು. ಬರೆದುಕೊಳ್ಳಲಿಲ್ಲ.

ವರದಿ ಅಚ್ಚಾಯಿತು. ಮೇಷ್ಟ್ರು ತರಗತಿಯಲ್ಲಿ ಓದಿಸಿದರು. ಅಪ್ಪ ಪತ್ರಿಕೆಯನ್ನು ಮಡಚಿ ಬೈಬಲಿನ ಪಕ್ಕದಲ್ಲೇ ಇಟ್ಟುಕೊಂಡರು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಒಂದು ಮಾತು ಬಿಟ್ಟುಹೋಗಿತ್ತು. ಯಾಕೆ ಬಿಟ್ಟೆವು ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಲೂ ಇಲ್ಲ.

ಬಲಿಪೂಜೆಯ ಆರಂಭದಲ್ಲಿ ನಾವು ಪ್ರತಿ ವಾರ ಪಾಪವನ್ನು ಒಪ್ಪಿಕೊಳ್ಳುತ್ತೇವೆ. ಯೋಚನೆಯಲ್ಲಿ, ಮಾತಿನಲ್ಲಿ, ಕೆಲಸದಲ್ಲಿ ಮಾಡಿದ್ದು ಅಷ್ಟೇ ಅಲ್ಲ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಳ್ಳುತ್ತೇವೆ, ಎದೆ ತಟ್ಟಿಕೊಳ್ಳುತ್ತೇವೆ. ಬಾಲ್ಯದಿಂದ ಹೇಳಿ ಹೇಳಿ ಬಾಯಿಪಾಠವಾದ ಆ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಎಂದರೆ, ಅದು ನಮ್ಮ ಬಗ್ಗೆ ಅನ್ನುವುದೇ ಮರೆತುಹೋಗಿದೆ.

ತಪಸ್ಸುಕಾಲದ ನಾಲ್ಕನೇ ವಾರ ಪಾಪನಿವೇದನೆಗೆ ಸಾಲಿನಲ್ಲಿ ನಿಂತೆವು. ಚಿಕ್ಕಂದಿನಲ್ಲಿ ಉಪದೇಶಿಗಳು ಕಲಿಸಿದ ಕ್ರಮ ಇನ್ನೂ ನೆನಪಿದೆ. ಮೊದಲು ಮನಸ್ಸನ್ನು ಶೋಧಿಸಿಕೊಳ್ಳಬೇಕು, ಮಾಡಿದ್ದಕ್ಕೆ ದುಃಖಪಡಬೇಕು, ಮತ್ತೆ ಮಾಡುವುದಿಲ್ಲ ಎಂದು ತೀರ್ಮಾನ ಮಾಡಬೇಕು, ಗುರುಗಳ ಹತ್ತಿರ ಹೇಳಬೇಕು, ಪ್ರಾಯಶ್ಚಿತ್ತ ಸಲ್ಲಿಸಬೇಕು. ನಮ್ಮ ಪಟ್ಟಿ ಮಾತ್ರ ಏಳನೇ ಕ್ಲಾಸಿನಿಂದ ಬದಲಾಗಿಲ್ಲ: ಸುಳ್ಳು ಹೇಳಿದೆ, ಕೋಪ ಮಾಡಿಕೊಂಡೆ, ಪ್ರಾರ್ಥನೆ ಬಿಟ್ಟೆ. ಈಗ ಮೊಬೈಲು ಹೊಸದಾಗಿ ಸೇರಿದೆ, ಅಷ್ಟೇ. ಐದು ನಿಮಿಷದಲ್ಲಿ ಮುಗಿಯುತ್ತದೆ.

ಅವತ್ತು ನಮ್ಮಿಬ್ಬರಲ್ಲಿ ಒಬ್ಬರು ಆ ಹನ್ನೊಂದು ದಿನದ ವಿಷಯವನ್ನೂ ಹೇಳಿಬಿಟ್ಟೆವು. ಯಾರು ಅಂತ ಇಲ್ಲಿ ಬೇಡ. ಅಪ್ಪನ ತಪ್ಪು ಅಂತ ಅಲ್ಲ, ಗೊತ್ತಿದ್ದೂ ಸುಮ್ಮನಿದ್ದ ನಮ್ಮ ತಪ್ಪು ಅಂತ. ಗುರುಗಳು ಬೈಯಲಿಲ್ಲ. ‘ಕೊಟ್ಟಾಯ್ತಾ?’ ಅಂತ ಕೇಳಿದರು. ಇಲ್ಲ ಅಂದದ್ದಕ್ಕೆ, ‘ದೇವರ ಹತ್ತಿರ ಕ್ಷಮೆ ಕೇಳೋದು ಒಂದು, ಅವರಿಗೆ ಸೇರಬೇಕಾದ್ದು ಸೇರಿಸೋದು ಇನ್ನೊಂದು. ಒಂದು ಮಾಡಿದ್ರೆ ಇನ್ನೊಂದು ಮಾಫಿ ಆಗಲ್ಲ. ಮನೆಯಲ್ಲಿ ಮಾತಾಡಿ’ ಅಂದರು.

ಇದು ಆ ಗುರುಗಳ ಸ್ವಂತ ಅಭಿಪ್ರಾಯ ಇರಬಹುದು ಅಂತ ನಾವು ಅಂದುಕೊಂಡೆವು, ಅಥವಾ ಹಾಗೆ ಅಂದುಕೊಳ್ಳಲು ಆಸೆಪಟ್ಟೆವು. ಹುಡುಕಿ ನೋಡಿದರೆ ಅಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದದಲ್ಲಿ ಇದೇ ಇದೆ. ಪಾಪಕ್ಷಮೆ ಪಾಪವನ್ನು ತೆಗೆಯುತ್ತದೆ, ಪಾಪದಿಂದ ಆದ ಕೆಡುಕನ್ನೆಲ್ಲ ಸರಿಪಡಿಸುವುದಿಲ್ಲ. ಅದನ್ನು ಸರಿಪಡಿಸಲು ಕೈಲಾದದ್ದನ್ನು ನಾವೇ ಮಾಡಬೇಕು. 1867ನೇ ಪರಿಚ್ಛೇದ ಇನ್ನೂ ಗಡಸು. ಸ್ವರ್ಗದವರೆಗೆ ಮೊರೆಯಿಡುವ ಪಾಪಗಳ ಪಟ್ಟಿಯಲ್ಲಿ ಕಾಯಿನನು ತಮ್ಮನನ್ನು ಕೊಂದ ಪಾಪದ ಜೊತೆಗೇ ಕೂಲಿಯಾಳಿಗೆ ಮಾಡುವ ಅನ್ಯಾಯವೂ ಇದೆ. ಬಡ ಕೂಲಿಯವನ ಸಂಬಳವನ್ನು ಸೂರ್ಯ ಮುಳುಗುವ ಮುಂಚೆ ಕೊಡಬೇಕು ಎಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ನಮ್ಮ ಬಾಕಿಗೆ ಆರು ತಿಂಗಳಾಗಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಾತು ತೆಗೆದೆವು. ಅಪ್ಪ ಮೊದಲು ರೇಗಿದರು. ‘ನಾನೇನು ಕೊಡಲ್ಲ ಅಂದಿದೀನಾ? ನಷ್ಟ ಆಗಿದ್ದು ನಿಮಗೆ ಗೊತ್ತಿಲ್ವಾ?’ ಅಂದರು. ಅದೂ ನಿಜವೇ. ಆಲೂಗಡ್ಡೆ ಬೆಳೆದವನಿಗೆ ಆದ ಅನ್ಯಾಯ ಸಣ್ಣದಲ್ಲ. ಆದರೆ ಆ ನಷ್ಟದಲ್ಲೂ ಗೊಬ್ಬರದ ಅಂಗಡಿಗೆ ಪೂರ್ತಿ ಕೊಟ್ಟಿದ್ದೆವು. ನಷ್ಟವನ್ನು ಹೊರಬೇಕಾಗಿ ಬಂದದ್ದು ಜೋರು ಮಾಡಲು ಬಾರದವರು. ಅಮ್ಮ ಸಾರು ಬಡಿಸುತ್ತಾ ನಿಧಾನಕ್ಕೆ ಅಂದರು: ‘ನಾನು ಕೊಟ್ಟ ರಾಗೀನ ಲೆಕ್ಕಕ್ಕೆ ಹಿಡೀಬೇಡಿ. ಅದನ್ನ ಕೊಟ್ಟು ನಾನೇ ಸಮಾಧಾನ ಮಾಡ್ಕೊಂಡಿದ್ದೆ.’ ಅಪ್ಪ ಮಾತಾಡಲಿಲ್ಲ. ಮಾರನೇ ದಿನ ಡೇರಿ ಹಾಲಿನ ದುಡ್ಡು ಬಂದ ತಕ್ಷಣ, ‘ಬನ್ನಿ ಹೋಗೋಣ’ ಅಂತ ನಮ್ಮನ್ನೂ ಕರೆದರು.

ಮೂಲೆಮನೆಯ ಅಕ್ಕ ದುಡ್ಡು ಎಣಿಸಿಕೊಂಡರು. ಅತ್ತು ಕೈಮುಗಿಯುತ್ತಾರೆ ಅಂತ ನಮ್ಮ ಮನಸ್ಸಿನ ಮೂಲೆಯಲ್ಲಿ ಇತ್ತೋ ಏನೋ. ಹಾಗೇನೂ ಆಗಲಿಲ್ಲ. ‘ಆಗ್ಲೇ ಕೊಟ್ಟಿದ್ರೆ ಚೆನ್ನಾಗಿತ್ತು ಅಣ್ಣ. ಮಗಳ ಬಾಣಂತನಕ್ಕೆ ಅಂತ ಓಲೆ ಅಡ ಇಟ್ಟೆ. ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ, ಹೋಯ್ತು’ ಅಂದರು. ಬೈದು ಹೇಳಿದ್ದಲ್ಲ, ಮಳೆ ಬಂತು ಅನ್ನುವ ಹಾಗೆ ಹೇಳಿದರು. ಅಪ್ಪ ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ತಗೊಂಡರು.

ದಾರಿಯಲ್ಲಿ ನಮಗೆ ಸುಂಕದ ಜಕ್ಕಾಯನ ಕಥೆ ನೆನಪಾಯಿತು. ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ ಮನುಷ್ಯ. ಚಿಕ್ಕಂದಿನಲ್ಲಿ ನಮಗೆ ಅವನು ಮರ ಹತ್ತಿದ್ದಷ್ಟೇ ಮುಖ್ಯವಾಗಿತ್ತು. ನಾಲ್ಕರಷ್ಟು ಯಾಕೆ ಅಂತ ಈಗ ಸ್ವಲ್ಪ ಅರ್ಥವಾಗುತ್ತದೆ. ತಡವಾಗಿ ಕೊಟ್ಟ ಅಸಲಿನಿಂದ ಓಲೆ ವಾಪಸ್ ಬರುವುದಿಲ್ಲ. ನಾವು ನಾಲ್ಕರಷ್ಟು ಕೊಡಲಿಲ್ಲ. ರಾಗಿ ಮಾರಿದ ಮೇಲೆ ಅಪ್ಪ ಇನ್ನು ಎರಡು ಸಾವಿರ ಕೊಟ್ಟು ಬಂದರು. ಅದು ಸಾಕಾ ಅಂದರೆ, ಸಾಲದು.

ಪಾಪ ಅಂದರೆ ಕುಡಿತ, ಜಗಳ, ಬೇರೆಯವರ ಮನೆಯ ಹುಡುಗಿ ಓಡಿಹೋದದ್ದು, ಹೀಗೆ ಎದ್ದು ಕಾಣುವ ವಿಷಯಗಳು ಅಂತ ನಮ್ಮ ಸಭೆಗಳಲ್ಲಿ ಲೆಕ್ಕ. ಅದರ ಬಗ್ಗೆ ಪ್ರಸಂಗವೂ ಜಾಸ್ತಿ. ಲೆಕ್ಕದ ಪುಸ್ತಕದಲ್ಲಿ ಕೂತಿರುವ ಪಾಪಕ್ಕೆ ಗಲಾಟೆ ಇಲ್ಲ, ವಾಸನೆ ಇಲ್ಲ. ಅದು ಉಪವಾಸದ ಜೊತೆಗೂ ಹೊಂದಿಕೊಂಡು ಇರುತ್ತದೆ. ಮಾಂಸ ಬಿಟ್ಟದ್ದು ತಪ್ಪು ಅಂತಲ್ಲ, ಈ ವರ್ಷವೂ ಬಿಡುತ್ತೇವೆ. ಆದರೆ ಬಿಟ್ಟದ್ದನ್ನು ಎಣಿಸುವಷ್ಟು ಶ್ರದ್ಧೆಯಿಂದ ಇಟ್ಟುಕೊಂಡದ್ದನ್ನೂ ಎಣಿಸಬೇಕಲ್ಲವೇ?

ಈಗ ಆಳಿನ ಲೆಕ್ಕದ ಪುಸ್ತಕ ಅಪ್ಪನ ಪೆಟ್ಟಿಗೆಯಲ್ಲಿ ಇಲ್ಲ. ನಡುಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದೇವೆ. ಶನಿವಾರ ಸಂಜೆ ಜಪಸರ ಹಿಡಿಯುವ ಮುಂಚೆ ಅದನ್ನು ತೆಗೆದು ನೋಡುವುದು ನಮ್ಮ ಕೆಲಸ. ಹೋದ ವಾರ ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು: ಗಂಡಾಳಿಗೆ 400, ಹೆಣ್ಣಾಳಿಗೆ 250. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ, ಅಪ್ಪ ಆಗಿನ್ನೂ ಮಗು. ಊರಿನಲ್ಲಿ ಎಲ್ಲರೂ ಹೀಗೇ ಕೊಡುವುದು, ನಾವೊಬ್ಬರೇ ಏನು ಮಾಡೋಕಾಗುತ್ತೆ ಅಂತ ಅಪ್ಪ. ಊರೆಲ್ಲ ಮಾಡಿದ್ದಕ್ಕೆ ಪಾಪನಿವೇದನೆ ಇಲ್ವಾ ಅಂತ ನಾವು.

ಮಾತು ಇನ್ನೂ ಮುಗಿದಿಲ್ಲ. ಈ ತಿಂಗಳು ಆಲೂಗಡ್ಡೆ ಬಿತ್ತನೆಗೆ ಆಳು ಕರೆಯಬೇಕು. ಅಷ್ಟರೊಳಗೆ ಮುಗಿಯಬೇಕು.