ಎರಡಡಿ ಟ್ಯಾಂಕಿನಲ್ಲಿ ಎಷ್ಟು ಲೀಟರ್ ನೀರು?

ಮೀನು ಸಾಕಿದವರನ್ನು ಟ್ಯಾಂಕ್ ಎಷ್ಟು ದೊಡ್ಡದು ಎಂದು ಕೇಳಿ. ‘ಎರಡಡಿ’ ಅಂತಾರೆ, ಇಲ್ಲವೇ ‘ಮೂರಡಿ’ ಅಂತಾರೆ. ಅದು ಗಾಜಿನ ಉದ್ದ. ಒಳಗಿರುವ ನೀರು ಎಷ್ಟು ಲೀಟರ್ ಅಂದರೆ ಬಹಳ ಜನ ಅಂಗಡಿಯವನು ಹೇಳಿದ ಸಂಖ್ಯೆಯನ್ನೇ ಒಪ್ಪಿಸುತ್ತಾರೆ. ಮೀನು ಆರೋಗ್ಯವಾಗಿರುವಷ್ಟು ದಿನ ಇದರಿಂದ ತೊಂದರೆಯಿಲ್ಲ. ಕಾಯಿಲೆ ಬಂದ ದಿನ ಮಾತ್ರ ಸರಿಯಾದ ಲೆಕ್ಕ ಬೇಕೇ ಬೇಕು.

ನಮ್ಮ ಮನೆಗೆ ಆ ದಿನ ಬಂದದ್ದು ಕಳೆದ ಚಳಿಗಾಲದಲ್ಲಿ. ಮಗಳ ಎರಡು ಗೋಲ್ಡ್‌ಫಿಶ್‌ಗಳ ಮೈಮೇಲೆ ಉಪ್ಪು ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ ಎದ್ದಿದ್ದವು. ತಾಲ್ಲೂಕಿನ ಅಂಗಡಿಯಿಂದ ಔಷಧಿ ತಂದೆವು. ‘ಒಂದು ಮುಚ್ಚಳ ಹಾಕಿ ಸಾರ್, ಏನೂ ಆಗಲ್ಲ’ ಅಂದರು. ಸೀಸೆಯ ಮೇಲೆ ಮಾತ್ರ 2 ಲೀಟರಿಗೆ 1 ಹನಿ ಎಂದು ಅಚ್ಚಾಗಿತ್ತು. (ನಿಮ್ಮ ಸೀಸೆಯ ಅಳತೆ ಬೇರೆ ಇರಬಹುದು, ಅದನ್ನೇ ನೋಡಿ.)

ಮಗಳು ಎಂಟನೇ ತರಗತಿ. ಘನಫಲದ ಸೂತ್ರ ಅವಳಿಗೆ ಬಾಯಿಪಾಠ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಟೇಪು ಇಂಚಿನದಾದರೆ ಗುಣಲಬ್ಧವನ್ನು 61ರಿಂದ ಭಾಗಿಸಿದರೆ ಸಾಕು. ನಮ್ಮ ಟ್ಯಾಂಕಿನ ಹೊರಗಿನ ಅಳತೆ 60, 30, 30. ಅಂದರೆ 54 ಲೀಟರ್. ಅಂಗಡಿಯಲ್ಲಿ ಹೇಳಿದ್ದೂ ಇದೇ ಸಂಖ್ಯೆ.

ಆದರೆ ಮೀನು ಈಜುವುದು ಗಾಜಿನ ಒಳಗೆ. ಗಾಜು ಅರ್ಧ ಸೆಂಟಿಮೀಟರ್ ದಪ್ಪ, ಎರಡೂ ಬದಿ ಸೇರಿ ಒಂದು ಸೆಂಟಿಮೀಟರ್ ಕಳೆಯಬೇಕು. ಒಳಗಿನ ಅಳತೆ 59, 29. ನೀರನ್ನು ಯಾರೂ ಅಂಚಿನವರೆಗೆ ತುಂಬುವುದಿಲ್ಲ. ತಳದ ಗಾಜಿನಿಂದ ನೀರಿನ ಮಟ್ಟಕ್ಕೆ ಅಳೆದರೆ 25 ಇತ್ತು. ಮೂರನ್ನೂ ಗುಣಿಸಿದರೆ 42,775. ಸುಮಾರು 43 ಲೀಟರ್.

ತಳದಲ್ಲಿ 8 ಕೆಜಿ ಜಲ್ಲಿಯೂ ಇದೆ. ಅದು ಕೂತ ಜಾಗದಲ್ಲಿ ನೀರಿರುವುದಿಲ್ಲ. ಅಷ್ಟೇ ಜಲ್ಲಿಯನ್ನು ತುಂಬಿದ ಬಕೆಟ್ಟಿಗೆ ಹಾಕಿದರೆ ಎಷ್ಟು ನೀರು ಚೆಲ್ಲುತ್ತದೋ ಅಷ್ಟು ಕಳೆಯಬೇಕು. ನಮ್ಮದು 3 ಲೀಟರ್ ಚೆಲ್ಲಿತು. ಉಳಿದದ್ದು 40.

ಮಗಳು ಉತ್ತರ ಬರೆದು ಕೆಳಗೆ ಗೆರೆ ಎಳೆಯುವಾಗ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಕೇಳಿದರು: ‘ತಂದ ದಿನ ಎರಡು ಕ್ಯಾನ್ ನೀರು ಸುರಿದ್ವಲ್ಲೋ, ಅದಕ್ಕೆ ಇಷ್ಟೊಂದು ಲೆಕ್ಕವಾ?’ ಶುದ್ಧ ನೀರಿನ ಘಟಕದ ಕ್ಯಾನು 20 ಲೀಟರಿನದು. ಎರಡು ಅಂದರೆ 40. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಲೆಕ್ಕ, ಮೊಮ್ಮಗಳ ಲೆಕ್ಕ ಎರಡೂ ತಾಳೆಯಾದವು. ಹೊಸದಾಗಿ ಟ್ಯಾಂಕ್ ಇಡುವವರಿಗೆ ಅವ್ವನ ದಾರಿಯೇ ಸುಲಭ. ಜಲ್ಲಿ, ಬೊಂಬೆ ಎಲ್ಲ ಇಟ್ಟ ಮೇಲೆ ಅಳತೆಯ ಪಾತ್ರೆಯಲ್ಲಿ ಎಣಿಸಿ ಸುರಿಯಿರಿ. ದುಂಡನೆಯ ಗಾಜಿನ ಬುರುಡೆಗಂತೂ ಇದೇ ಸರಿ.

54ರ ಲೆಕ್ಕದಲ್ಲಿ 27 ಹನಿ ಬೀಳುತ್ತಿತ್ತು. 40ಕ್ಕೆ ಬೇಕಾದದ್ದು 20. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ. ಬೆಳೆಗೆ ಔಷಧಿ ಹೊಡೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾನಿಗೆ ಇಷ್ಟು ಎಂಎಲ್ ಅಂದರೆ ಇಷ್ಟೇ, ಮೀರಿದರೆ ಎಲೆ ಸುಡುತ್ತದೆ. ಮೀನಿಗಾದರೆ ಸುಡಲು ಸಿಗುವುದು ಕಿವಿರು.

ಇಪ್ಪತ್ತು ಹನಿ ಮಗಳೇ ಎಣಿಸಿ ಹಾಕಿದಳು. ಎರಡನೇ ದಿನ ಚಿಕ್ಕ ಮೀನು ಸತ್ತಿತು. ‘ನಾವು ಔಷಧಿ ಜಾಸ್ತಿ ಹಾಕಿದ್ವಾ ಅಪ್ಪ?’ ಎಂದು ಕೇಳಿದಳು. ‘ಇಲ್ಲ ಪುಟ್ಟಿ’ ಎಂದು ಗಟ್ಟಿಯಾಗಿ ಹೇಳಲು ನಮಗೆ ಸಾಧ್ಯವಾಯಿತು, ಲೆಕ್ಕ ಅವಳ ನೋಟ್‌ಬುಕ್ಕಿನಲ್ಲೇ ಇತ್ತು. ಒಂದು ಮುಚ್ಚಳ ಸುರಿದಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ದೊಡ್ಡದು ಬದುಕಿತು.

ಅದೇ 40 ಈಗ ಎಲ್ಲಕ್ಕೂ ಬರುತ್ತಿದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದೆಂದರೆ 10 ಲೀಟರ್. ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ತೆರೆದ ಬಕೆಟ್ಟಿನಲ್ಲಿಟ್ಟು ಹಾಕುತ್ತೇವೆ. ಚಿಕಿತ್ಸೆ ನಡೆಯುವಾಗ ನೀರು ಬದಲಿಸಿದರೆ ಔಷಧಿ ಸೇರಿಸಬೇಕಾದದ್ದು ಹೊಸ 10 ಲೀಟರಿಗೆ ಮಾತ್ರ. ಆವಿಯಾದ ನೀರನ್ನು ತುಂಬಿಸಿದ್ದಕ್ಕೆ ಮತ್ತೆ ಔಷಧಿ ಲೆಕ್ಕ ಹಾಕಬಾರದು.

ಭಾರವೂ ಇದರಿಂದಲೇ ಗೊತ್ತಾಗುತ್ತದೆ. ಲೀಟರ್ ನೀರು ಒಂದು ಕೆಜಿ. 40 ಕೆಜಿ ನೀರು, 8 ಕೆಜಿ ಜಲ್ಲಿ, ಸುಮಾರು 9 ಕೆಜಿ ಗಾಜು ಸೇರಿದರೆ ಒಂದು ಸಿಮೆಂಟ್ ಚೀಲಕ್ಕಿಂತ ಭಾರ. ಟಿವಿ ಸ್ಟ್ಯಾಂಡಿನ ಹಲಗೆಯ ಮೇಲೆ ಸಿಮೆಂಟ್ ಚೀಲ ಇಡುತ್ತೀರಾ, ಯೋಚಿಸಿ.

ನಮ್ಮ ಟ್ಯಾಂಕಿನ ಹಿಂದೆ ಒಂದು ಚೀಟಿ ಅಂಟಿಸಿದ್ದೇವೆ: ‘ನೀರು 40 ಲೀ.’ ಮನೆಯಲ್ಲಿ ಯಾರೇ ಔಷಧಿ ಹಾಕಲಿ, ಮೊದಲು ಅದನ್ನು ನೋಡಬೇಕು. ನಿಮ್ಮಲ್ಲೂ ಟ್ಯಾಂಕಿದ್ದರೆ ಇವತ್ತೇ ಅಳೆದು ಬರೆದಿಡಿ. ಮೀನು ಚೆನ್ನಾಗಿರುವಾಗಲೇ ಅಳೆಯುವುದು ಒಳ್ಳೆಯದು.