ಮುಳ್ಳು ನಡುವೆ ನಿಂತಾಗ

ನಮ್ಮ ಮಾಯಕೊಂಡದಲ್ಲಿ ಕೇಳಿಸುವುದು ರೈಲಿನ ಕೂಗು ಮಾತ್ರ. ವಿಮಾನವೆಂದರೆ ಮೆಕ್ಕೆಜೋಳದ ಹೊಲಗಳ ಮೇಲೆ ಬಲು ಎತ್ತರದಲ್ಲಿ ಸಾಗುವ ಬಿಳಿ ಗೆರೆ. ಇಂಥ ಊರಿನ ಗೃಹಿಣಿಯೊಬ್ಬಳು ವಿಮಾನ ಇಳಿಸುವ ವಿಷಯ ಬರೆಯಹೊರಟರೆ ನಿಮಗೆ ನಗು ಬರಬಹುದು. ಆದರೂ ಕೊನೆಯವರೆಗೆ ಓದಿ. ಇದು ನಮ್ಮ ನಿಮ್ಮ ಮನೆಯದೇ ಮಾತು.

ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ತನ್ನ ಹಳೆಯ ಕಂಪ್ಯೂಟರನ್ನು ಮನೆಯಲ್ಲೇ ಬಿಟ್ಟುಹೋದ. ದಾವಣಗೆರೆಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿರುವ ಮಗಳು ಬಿಡುವಾದಾಗ ಅದರಲ್ಲಿ ಫ್ಲೈಟ್ ಸಿಮ್ಯುಲೇಟರ್ ತೆರೆದು ಕೂರುತ್ತಾಳೆ. ನನಗದು ಬರೀ ಆಟವಾಗಿ ಕಾಣುತ್ತಿತ್ತು. ಒಂದು ರಾತ್ರಿ ಇಶಾ ನಮಾಝ್ ಮುಗಿಸಿ, ಮಲಗು ಎಂದು ಗದರಲು ಹೋದವಳು ಅವಳ ಪಕ್ಕದಲ್ಲೇ ಕುಳಿತೆ. ಪರದೆಯ ತುಂಬ ಮಳೆಮೋಡ. ಅವಳು ಮಂಗಳೂರಿನಲ್ಲಿ ಇಳಿಯುತ್ತಿದ್ದಳು. ಕಿಟಕಿಯಾಚೆ ಏನೂ ಕಾಣದು. ಎದುರಿನ ದುಂಡನೆಯ ಮೀಟರಿನಲ್ಲಿ ಎರಡು ಮುಳ್ಳುಗಳು ಸರಿಯಾಗಿ ನಡುವೆ ನಿಂತಿದ್ದವು.

“ಮಾಶಾ ಅಲ್ಲಾಹ್, ನೇರವಾಗಿ ಹೋಗ್ತಾ ಇದೀಯಲ್ಲ” ಎಂದೆ.

“ಇಲ್ಲ ಅಮ್ಮೀ, ಸಿಗ್ನಲ್ಲೇ ಹೋಗಿದೆ. ಆ ಕೆಂಪು ಪಟ್ಟಿ ನೋಡಿ” ಎಂದಳು. ಮರುಕ್ಷಣವೇ ಎಂಜಿನ್‌ನ ವೇಗ ಹೆಚ್ಚಿಸಿ ವಿಮಾನವನ್ನು ಮೇಲಕ್ಕೇರಿಸಿಬಿಟ್ಟಳು.

ಆಮೇಲೆ ಬಿಡಿಸಿ ಹೇಳಿದಳು. ಮೋಡ, ಮಂಜು ಇದ್ದಾಗ ವಿಮಾನಕ್ಕೆ ದಾರಿ ತೋರಿಸಲು ನೆಲದಿಂದ ಎರಡು ರೇಡಿಯೋ ಸಂಕೇತಗಳು ಹೊರಡುತ್ತವೆ. ರನ್‌ವೇಯ ಆಚೆ ತುದಿಯಲ್ಲಿರುವ ಆಂಟೆನಾ ಎಡ-ಬಲ ಹೇಳುತ್ತದೆ. ವಿಮಾನ ನೆಲ ಮುಟ್ಟುವ ಜಾಗದ ಪಕ್ಕದಲ್ಲಿರುವುದು ಎತ್ತರ ಹೇಳುತ್ತದೆ. ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರಬೇಕು. ಬರುವ ದಾರಿಯ ಎಡಕ್ಕೆ 90 ಹರ್ಟ್ಸ್‌ನ ಸ್ವರ ಜೋರು, ಬಲಕ್ಕೆ 150ರ ಸ್ವರ ಜೋರು. ಎರಡೂ ಸಮನಾದಾಗ ಮುಳ್ಳು ನಡುವೆ ನಿಲ್ಲುತ್ತದೆ.

“ಸಿಗ್ನಲ್ ಹೋದರೆ ಮುಳ್ಳು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದೆ.

ಹಳೆಯ ಬಗೆಯ ಮೀಟರುಗಳಲ್ಲಿ ಆಗಲೂ ಅದು ನಡುವೆಯೇ ನಿಲ್ಲುತ್ತದಂತೆ! ಎಡಕ್ಕೂ ಬಲಕ್ಕೂ ಎಳೆಯುವವರೇ ಇಲ್ಲವಲ್ಲ. ದಾರಿ ಸರಿಯಿದ್ದಾಗಲೂ ಅದೇ ನೋಟ, ದಾರಿ ಹೇಳುವವರೇ ಇಲ್ಲದಾಗಲೂ ಅದೇ ನೋಟ. ವ್ಯತ್ಯಾಸ ತಿಳಿಸುವುದು ಮೂಲೆಯಲ್ಲಿ ಮೂಡುವ ಚಿಕ್ಕ ಕೆಂಪು ಪಟ್ಟಿ ಮಾತ್ರ. ಆಟದಲ್ಲಿ ಸಿಗ್ನಲ್ ಸಿಗದಿರಲು ಕಾರಣಗಳು ಹಲವು: ಫ್ರೀಕ್ವೆನ್ಸಿಯ ಒಂದು ಅಂಕಿ ತಪ್ಪಿರಬಹುದು, ಸ್ವಿಚ್ಚು ಜಿಪಿಎಸ್ ಕಡೆಗೆ ಉಳಿದಿರಬಹುದು, ವಿಮಾನ ಬಹಳ ಪಕ್ಕಕ್ಕೆ ಸರಿದಿರಬಹುದು. ಅಂದು ಮಾತ್ರ, ಅಭ್ಯಾಸವಾಗಲೆಂದು, ನಡುವೆ ಕೆಟ್ಟುಹೋಗುವಂತೆ ಅವಳೇ ಹೊಂದಿಸಿಟ್ಟಿದ್ದಳು. ರನ್‌ವೇ ಕಾಣದಿದ್ದಾಗ ಸಿಗ್ನಲ್ ಹೋದರೆ ಹುಡುಕುತ್ತಾ ಕೆಳಗಿಳಿಯಬಾರದು. ಮೇಲೇರಿ, ಸುತ್ತು ಹಾಕಿ ಮತ್ತೆ ಬರಬೇಕು. ಅದು ಸೋಲಲ್ಲ, ನಿಯಮ.

ಮಂಗಳೂರು ಎಂದಾಗ ನನಗೆ 2010ರ ಮೇ 22 ನೆನಪಾಯಿತು. ನಿಮ್ಮಲ್ಲಿ ಎಷ್ಟೋ ಜನರಿಗೆ ಆ ಬೆಳಗು ಮರೆಯಲಾಗದ್ದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ ಉಳಿದವರು 8 ಜನ. ಅಂದು ಗೋಚರತೆ 6 ಕಿಲೋಮೀಟರ್ ಇತ್ತು. ಆದರೆ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರೆಂದು ತನಿಖಾ ವರದಿಯಲ್ಲಿದೆ. ಹಿರಿಯ ಪೈಲಟ್ ಕೇಳಲಿಲ್ಲ. ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಹಿಂದೆ ಉಳಿದ ಮೇಲೆ ವಿಮಾನ ನೆಲ ಮುಟ್ಟಿತು. ಕೊನೆಗೆ ಅದರ ರೆಕ್ಕೆ ಬಡಿದದ್ದು ಯಾವುದಕ್ಕೆ ಗೊತ್ತೇ? ಎಡ-ಬಲ ತೋರಿಸುವ ಅದೇ ಆಂಟೆನಾದ ಕಟ್ಟೆಗೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ವಿಮಾನವಲ್ಲ. ತಿಂಗಳ ಹಿಂದೆ ಹರಿಹರದಿಂದ ಮಗಳಿಗೆ ಒಂದು ಸಂಬಂಧ ಬಂದಿತ್ತು. ಒಳ್ಳೆಯ ಮನೆತನ, ದುಡಿಯುವ ಹುಡುಗ. ಮದುವೆಯಾದ ಮೇಲೆ ಓದು ಬೇಡ ಎಂದರು. ನಾನು ಹೂಂ ಎಂದೆ. ಮಗಳು ಏನೂ ಹೇಳಲಿಲ್ಲ. ಹುಡುಗಿ ಸುಮ್ಮನಿದ್ದಾಳೆ, ಎಲ್ಲವೂ ಸರಿಯಾಗಿದೆ ಎಂದುಕೊಂಡೆ.

ಕನ್ಯೆಯ ಮೌನವೇ ಸಮ್ಮತಿಯೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಮೊದಲು ಆಕೆಯನ್ನು ಕೇಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕೇಳಿದಾಗ ನಾಚಿ ಸುಮ್ಮನಾಗುವುದು ಬೇರೆ, ಕೇಳದೆಯೇ ಉಳಿದುಹೋದ ಮೌನ ಬೇರೆ. ನಾನು ಕೇಳಿಯೇ ಇರಲಿಲ್ಲ. ಕೆಂಪು ಪಟ್ಟಿಗಳು ಮಾತ್ರ ಕಾಣುತ್ತಲೇ ಇದ್ದವು: ತಟ್ಟೆಯಲ್ಲಿ ಉಳಿಯುತ್ತಿದ್ದ ಅನ್ನ, ಬಟ್ಟೆ ತೋರಿಸಿದಾಗ ಬೇರೆಡೆಗೆ ತಿರುಗುತ್ತಿದ್ದ ಮುಖ, ತಡರಾತ್ರಿಯವರೆಗೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದುದು.

ಫಜ್ರ್ ನಮಾಝಿನ ಬಳಿಕ ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ. ಬಹಳ ಹೊತ್ತು ಅತ್ತಳು. “ಹುಡುಗ ಕೆಟ್ಟವನಂತಲ್ಲ ಅಮ್ಮೀ. ಡಿಗ್ರಿ ಮುಗಿಸಬೇಕು ಅಂತಿದ್ದೆ. ನೀವು ಆಗಲೇ ಒಪ್ಪಿಬಿಟ್ಟಿದ್ರಿ” ಎಂದಳು.

ಅವಳ ಅಬ್ಬಾ ಮೊದಲು ಸಿಟ್ಟಾದರು. ಮಾತು ಕೊಟ್ಟಾಗಿದೆ, ಜನ ಏನಂದಾರು ಎಂದರು. ಮಗಳ ಬಾಯಿಂದಲೇ ಕೇಳಿದ ಮೇಲೆ ಮೌನವಾದರು. ಸಂಜೆ ತಾವೇ ಹರಿಹರಕ್ಕೆ ಫೋನು ಮಾಡಿ, ಓದು ಮುಗಿಯುವವರೆಗೆ ನಿಕಾಹ್ ಇಲ್ಲ, ಒಪ್ಪಿಗೆಯಿದ್ದರೆ ಕಾಯಬೇಕು ಎಂದು ಹೇಳಿದರು. ಅತ್ತಲಿಂದ ಇನ್ನೂ ಉತ್ತರ ಬಂದಿಲ್ಲ. ಬರಬಹುದು, ಬಾರದೆಯೂ ಇರಬಹುದು. ನನ್ನ ಮಗಳು ಈಗ ಹೊಟ್ಟೆತುಂಬ ಉಣ್ಣುತ್ತಿದ್ದಾಳೆ, ಅಲ್‌ಹಮ್ದುಲಿಲ್ಲಾಹ್.

ಸಹೋದರಿಯರೇ, ಕಡ್ಡಾಯ ನಮಾಝ್‌ಗಳಲ್ಲೇ ದಿನಕ್ಕೆ ಹದಿನೇಳು ಬಾರಿ ನಾವು ಅಲ್ಲಾಹನಲ್ಲಿ ನೇರ ದಾರಿಯನ್ನು ಬೇಡುತ್ತೇವೆ. ದಾರಿಯಲ್ಲೇ ಇದ್ದೇವೆಂಬ ಖಾತ್ರಿಯಿದ್ದರೆ ಅಷ್ಟು ಸಲ ಬೇಡಬೇಕಾಗಿತ್ತೇ? ನಿಮ್ಮ ಮನೆಯಲ್ಲೂ ಯಾರಾದರೂ ಬಹಳ ದಿನದಿಂದ ಸುಮ್ಮನಿದ್ದರೆ ಇಂದೇ ಹತ್ತಿರ ಕೂರಿಸಿಕೊಂಡು ಕೇಳಿ. ಉತ್ತರ ನಿಮಗೆ ಇಷ್ಟವಾಗದಿದ್ದರೂ ಕೇಳಿ. ಇಳಿಯುವ ಮುನ್ನ ಇನ್ನೊಂದು ಸುತ್ತು ಹಾಕಲು ಸಮಯವಿರುತ್ತದೆ.